ಕಟ್ಟಡ ನೋಡಬೇಡಿ, ಬೆಡ್ ಎಣಿಸಿ: ನರ್ಸಿಂಗ್ ಕಲಿಕೆಯ ಕಥೆ, ಹಾಸನದ ಕಡೆಯಿಂದ

 

ಪಿಯುಸಿ ರಿಸಲ್ಟ್ ಬರೋ ಹೊತ್ತಿಗೆ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಒಂದು ಥರದ ಜಾಹೀರಾತು ಜಾಸ್ತಿ ಆಗುತ್ತೆ. ಗೋಡೆ ಮೇಲೆ, ಆಟೋ ಹಿಂದೆ, ವಾಟ್ಸಾಪ್ ಗ್ರೂಪಲ್ಲಿ. ‘ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್. ಕೆಲಸ ಗ್ಯಾರಂಟಿ.’ ಜೊತೆಗೆ ಒಂದು ದೊಡ್ಡ ಕಟ್ಟಡದ ಫೋಟೊ, ಬಿಳಿ ಕೋಟು ಹಾಕಿ ನಗ್ತಿರೋ ನಾಲ್ಕು ಮುಖ. ಆ ಫೋಟೊದಲ್ಲಿ ಸಾಮಾನ್ಯವಾಗಿ ಇಲ್ಲದೇ ಇರೋದು ಒಂದೇ. ರೋಗಿ ಮಲಗಿರೋ ಹಾಸಿಗೆ.

ನಾನು ಓದಿದ್ದು ಬಿಕಾಂ. ಯಾವ ಚರಿತ್ರೆ ಓದಿದ್ರೂ ನನ್ನ ಮೊದಲ ಪ್ರಶ್ನೆ, ಇಲ್ಲಿ ದುಡ್ಡು ಯಾರ ಜೇಬಿಂದ ಯಾರ ಜೇಬಿಗೆ ಹೋಯ್ತು ಅನ್ನೋದು. ನರ್ಸಿಂಗ್ ಕಲಿಕೆಯ ಚರಿತ್ರೆಗೆ ಇದೇ ಪ್ರಶ್ನೆ ಹಾಕಿ ನೋಡಿ. ಒಂದು ಕಾಲದಲ್ಲಿ ಆಸ್ಪತ್ರೆಯೇ ಹುಡುಗಿಗೆ ಊಟ, ವಸತಿ, ಕೈಗೊಂದಿಷ್ಟು ಕಾಸು ಕೊಟ್ಟು ಕಲಿಸ್ತಿತ್ತು. ಇವತ್ತು ಮನೆಯವರು ಸಾಲ ಮಾಡಿ ಫೀಸ್ ಕಟ್ತಾರೆ, ಆಮೇಲೆ ಕಲಿಯೋಕೆ ರೋಗಿಗಳು ಎಲ್ಲಿದ್ದಾರೆ ಅಂತ ಹುಡುಕೋ ಪರಿಸ್ಥಿತಿ ಬರುತ್ತೆ. ಈ ಲೆಕ್ಕ ಉಲ್ಟಾ ಆಗಿದ್ದು ಹೇಗೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಶಾಲೆ ಇಲ್ಲದ ವಿದ್ಯೆ

ಮೊದಲು ಆಸ್ಪತ್ರೆಗಿಂತ ಹಿಂದಕ್ಕೆ ಹೋಗೋಣ. ನಮ್ಮ ಊರುಗಳಲ್ಲಿ ಹೆರಿಗೆ, ಬಾಣಂತನ ನೋಡ್ಕೊಳ್ತಿದ್ದೋರು ಸೂಲಗಿತ್ತಿಯರು. ಅವರಿಗೆ ಸರ್ಟಿಫಿಕೇಟ್ ಇರಲಿಲ್ಲ. ಅಜ್ಜಿಯ ಕೈ ನೋಡಿ ಮೊಮ್ಮಗಳು ಕಲಿಯೋಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ನಿಮಗೆ ನೆನಪಿರಬಹುದು. ಶಾಲೆ ಮೆಟ್ಟಿಲು ಹತ್ತದ ಆಕೆ ಈ ವಿದ್ಯೆ ಕಲಿತಿದ್ದು ಅಜ್ಜಿಯಿಂದ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ರು ಅಂತ ಹೆಸರಾದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡ್ರು.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಸೋಂಕು, ರಕ್ತಸ್ರಾವ, ಅಡ್ಡ ಬಂದ ಮಗು, ಇಂಥ ಕಡೆ ಕೈಯ ಅನುಭವ ಒಂದೇ ಸಾಕಾಗ್ತಿರಲಿಲ್ಲ, ಎಷ್ಟೋ ತಾಯಂದಿರು ಉಳೀಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಕಲಿಕೆ ನಡೀತಿದ್ದು ಹೆರಿಗೆ ನಡೆಯೋ ಕೋಣೆಯಲ್ಲೇ, ನೋವು ತಿನ್ನೋ ಹೆಂಗಸಿನ ಪಕ್ಕದಲ್ಲೇ. ಮುಂದೆ ಬಂದ ಶಾಲೆಗಳು ಇದಕ್ಕೆ ಪುಸ್ತಕ ಸೇರಿಸಿದ್ವು, ಶುಚಿತ್ವ ಸೇರಿಸಿದ್ವು, ಪರೀಕ್ಷೆ ಸೇರಿಸಿದ್ವು. ಕಲಿಯೋ ಜಾಗವನ್ನ ಮಾತ್ರ ಬದಲಾಯಿಸಲಿಲ್ಲ.

ಕಲಿ, ಆದರೆ ದುಡಿ

1860. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನರ್ಸಿಂಗ್ ಶಾಲೆ ಶುರುವಾಯ್ತು. ಕ್ರೈಮಿಯಾ ಯುದ್ಧದಲ್ಲಿ ಆಕೆ ಮಾಡಿದ ಕೆಲಸ ನೋಡಿ ಜನ ಕೊಟ್ಟ ನಿಧಿಯಿಂದ ಕಟ್ಟಿದ್ದು. ವಿದ್ಯಾರ್ಥಿನಿಯರು ಫೀಸ್ ಕಟ್ಟಿ ಓದೋ ಕಾಲೇಜು ಅಲ್ಲ ಅದು. ಅವರಿಗೇ ಊಟ, ವಸತಿ, ಸಣ್ಣ ಸಂಬಳ. ಬದಲಿಗೆ ಅವರು ವಾರ್ಡಲ್ಲಿ ದುಡೀಬೇಕು, ದುಡೀತಾ ಕಲೀಬೇಕು.

ಲೆಕ್ಕದ ಕಣ್ಣಲ್ಲಿ ನೋಡಿದ್ರೆ ಇದು ಎರಡೂ ಕಡೆಗೆ ಲಾಭ ಇರೋ ಒಪ್ಪಂದ. ಆಸ್ಪತ್ರೆಗೆ ಕಡಿಮೆ ಖರ್ಚಲ್ಲಿ ಕೆಲಸದ ಕೈಗಳು. ಹುಡುಗಿಗೆ ಖರ್ಚಿಲ್ಲದೆ ವೃತ್ತಿ. ಈ ಮಾದರಿ ಬ್ರಿಟಿಷ್ ಸಾಮ್ರಾಜ್ಯದಲ್ಲೆಲ್ಲ ಹರಡಿತು. ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ, ಆದರೆ ಇಲ್ಲಿನ ನೈರ್ಮಲ್ಯದ ಬಗ್ಗೆ ದಶಕಗಟ್ಟಲೆ ಬರೀತಾ ಇದ್ರು. 1871ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಶುರುವಾಯ್ತು. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಬಂತು. ಅದರ ಉದ್ದೇಶ ಹೆಣ್ಣುಮಕ್ಕಳಿಗೆ ಹೆಣ್ಣು ವೈದ್ಯರು, ನರ್ಸುಗಳು, ಹೆರಿಗೆ ಮಾಡಿಸೋರು ಸಿಗೋ ಹಾಗೆ ಮಾಡೋದು. ಯಾಕಂದ್ರೆ ಆಗ ಎಷ್ಟೋ ಮನೆಗಳಲ್ಲಿ ಹೆಂಗಸು ಸತ್ತರೂ ಸರಿ, ಗಂಡಸು ಡಾಕ್ಟರ್ ಮುಟ್ಟೋ ಹಾಗಿರಲಿಲ್ಲ.

ಮೈಸೂರು ಸಂಸ್ಥಾನ, ಹಾಸನದ ಮಿಷನ್ ಆಸ್ಪತ್ರೆ

ನಮ್ಮ ಮೈಸೂರು ಸಂಸ್ಥಾನಕ್ಕೆ ಬರೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. 1900ರ ಡಿಸೆಂಬರಲ್ಲಿ ವೈಸ್‌ರಾಯ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆ ಉದ್ಘಾಟನೆ ಮಾಡಿದ್ರು. 1906ರಲ್ಲಿ ವೆಸ್ಲಿಯನ್ ಮಿಷನ್‌ನವರು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೆಂಗಸರು ಮಕ್ಕಳಿಗಾಗಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೆರೆದ್ರು. ಮೈಸೂರಿನೋರಿಗೆ ಅದು ಇವತ್ತಿಗೂ ‘ಮಿಷನ್ ಆಸ್ಪತ್ರೆ’. ಅದೇ ಮಿಷನ್, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ಹಾಸನದಲ್ಲೂ ಹೆಂಗಸರು ಮಕ್ಕಳ ಆಸ್ಪತ್ರೆ ನಡೆಸ್ತಿತ್ತು. ಅದೇ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ ಹುಟ್ಟಿದ ಮೇಲೆ, ಈ ಆಸ್ಪತ್ರೆಗಳು ಸಿಎಸ್‌ಐ ಕೆಳಗೆ ಬಂದ್ವು.

ಇಂಥ ಆಸ್ಪತ್ರೆಗಳ ಕಷ್ಟ ಊಹಿಸಿ. ವಿದೇಶದಿಂದ ಬಂದ ಡಾಕ್ಟರ್ ಒಬ್ಬರೋ ಇಬ್ಬರೋ ಇರ್ತಿದ್ರು. ಭಾಷೆ ಗೊತ್ತಿರೋ, ರಾತ್ರಿಯೆಲ್ಲ ಎಚ್ಚರ ಇರಬಲ್ಲ ನರ್ಸುಗಳನ್ನ ಎಲ್ಲಿಂದ ತರೋದು? ಹಾಗಾಗಿ ಮಿಷನ್ ಆಸ್ಪತ್ರೆಗಳು ತಮ್ಮ ನರ್ಸುಗಳನ್ನ ತಾವೇ ತಯಾರು ಮಾಡ್ಕೊಂಡ್ವು. ಕಲಿಯೋಕೆ ಬಂದೋರು ಯಾರು? ಅನಾಥ ಹುಡುಗಿಯರು, ವಿಧವೆಯರು, ಬಡ ಕ್ರಿಶ್ಚಿಯನ್ ಮನೆಯ ಹೆಣ್ಣುಮಕ್ಕಳು, ಆಂಗ್ಲೋ ಇಂಡಿಯನ್ನರು. ಉಳಿದ ಮನೆಗಳು ಮಗಳನ್ನ ಕಳಿಸ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿರೋದೇ. ರಕ್ತ, ಮಲಮೂತ್ರ ಮುಟ್ಟೋ ಕೆಲಸ ಅನ್ನೋ ಮೈಲಿಗೆಯ ಲೆಕ್ಕ. ಪರಗಂಡಸರ ಮೈ ಮುಟ್ಟೋದು. ನೈಟ್ ಡ್ಯೂಟಿ. ‘ನರ್ಸಮ್ಮ’ ಅಂತ ಬಾಯ್ತುಂಬ ಕರೆದ ಊರೇ, ನರ್ಸಮ್ಮನ ಮನೆಗೆ ಸಂಬಂಧ ಬೆಳೆಸೋಕೆ ಹಿಂದೆ ಮುಂದೆ ನೋಡ್ತಿತ್ತು.

ಅಂದ್ರೆ ಆ ಊಟ, ಹಾಸ್ಟೆಲ್, ಸ್ಟೈಪೆಂಡ್ ಬರೀ ಔದಾರ್ಯ ಅಲ್ಲ. ಬೇರೆ ಯಾರೂ ಬರದ ಕೆಲಸಕ್ಕೆ ಬೇರೆ ದಾರಿ ಇಲ್ಲದವರನ್ನ ಕರೆಯೋಕೆ ಕೊಟ್ಟ ಬೆಲೆ. ಹುಡುಗಿಯರು ಅದಕ್ಕೆ ತಮ್ಮ ಕಡೆಯಿಂದ ದುಡಿಮೆ ಕೊಟ್ಟರು. ಕೈಯಲ್ಲೊಂದು ಸ್ವಂತ ಕಸುಬು ಹಿಡಿದು ಹೊರಗೆ ಬಂದ್ರು.

ಇನ್ನೊಂದು ತೊಂದರೆ ಇತ್ತು. ಒಂದು ಆಸ್ಪತ್ರೆ ಕೊಟ್ಟ ಸರ್ಟಿಫಿಕೇಟನ್ನ ಇನ್ನೊಂದು ಆಸ್ಪತ್ರೆ ಯಾಕೆ ನಂಬಬೇಕು? ಅದಕ್ಕೇ ಮಿಷನ್ ಆಸ್ಪತ್ರೆಗಳು ಒಟ್ಟಾಗಿ ಪರೀಕ್ಷಾ ಮಂಡಳಿಗಳನ್ನ ಮಾಡ್ಕೊಂಡ್ವು. 1908ರಲ್ಲಿ ತರಬೇತಿ ಪಡೆದ ನರ್ಸುಗಳ ಸಂಘ, ಟಿಎನ್‌ಎಐ ಹುಟ್ಟಿತು. 1926ರಲ್ಲಿ ಮದ್ರಾಸ್ ಪ್ರಾಂತ್ಯ ನರ್ಸುಗಳ ನೋಂದಣಿಗೆ ಕಾನೂನು ತಂತು. ‘ರಿಜಿಸ್ಟರ್ಡ್ ನರ್ಸ್’ ಅನ್ನೋ ಮಾತಿನ ಬೇರು ಇಲ್ಲಿದೆ. ಯಾವ ಆಸ್ಪತ್ರೆಯಲ್ಲಿ ಕಲಿತೆ ಅನ್ನೋದಕ್ಕಿಂತ, ಸರ್ಕಾರಿ ಪಟ್ಟಿಯಲ್ಲಿ ನಿನ್ನ ಹೆಸರಿದೆಯಾ ಅನ್ನೋದು ಮುಖ್ಯ ಆಯ್ತು.

43,000 ಜನಕ್ಕೆ ಒಬ್ಬರು

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ತನ್ನ ವರದಿ ಕೊಟ್ಟಿತು. ದೇಶದಲ್ಲಿ ತರಬೇತಿ ಪಡೆದ ನರ್ಸುಗಳು ಸುಮಾರು 7,000. ಅಂದ್ರೆ ಹೆಚ್ಚುಕಡಿಮೆ 43,000 ಜನಕ್ಕೆ ಒಬ್ಬರು. ನರ್ಸುಗಳಿಗೆ ಕಡಿಮೆ ಸಂಬಳ, ಕಿಕ್ಕಿರಿದ ಹಾಸ್ಟೆಲ್, ಮಿತಿಮೀರಿದ ಡ್ಯೂಟಿ ಅಂತಲೂ ಸಮಿತಿ ಬರೆದಿತ್ತು. ಅದೇ ವರ್ಷ ದೆಹಲಿಯಲ್ಲಿ ಮತ್ತು ವೆಲ್ಲೂರಲ್ಲಿ ನರ್ಸಿಂಗ್ ಪದವಿ ಕೋರ್ಸ್ ಶುರುವಾಯ್ತು. 1947ರ ಕೊನೆಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ನಮ್ಮ ರಾಜ್ಯಕ್ಕೆ 1961ರ ಕಾಯ್ದೆ. ಇವತ್ತಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನಿಂತಿರೋದು ಅದರ ಮೇಲೆ.

ಆದರೆ ಮೂರು ವರ್ಷ ಕಲಿತ ನರ್ಸು ಜಿಲ್ಲಾ ಆಸ್ಪತ್ರೆಗೆ ಬಂದ್ರೆ, ಕೊಣನೂರಿಗೆ, ಹಿರೀಸಾವೆಗೆ, ಹಳ್ಳಿಮೈಸೂರಿಗೆ ಯಾರು ಹೋಗೋದು? ಅದಕ್ಕೆ 1950ರ ದಶಕದಲ್ಲಿ ಇನ್ನೊಂದು ದರ್ಜೆ ಹುಟ್ಟಿತು. ಆಕ್ಸಿಲರಿ ನರ್ಸ್ ಮಿಡ್‌ವೈಫ್, ಅಂದ್ರೆ ಎಎನ್‌ಎಂ. ಕಡಿಮೆ ಓದಿದ ಹಳ್ಳಿ ಹುಡುಗಿಯೂ ಸೇರಬಹುದು, ಕಡಿಮೆ ಅವಧಿ, ಮುಗಿಸಿ ಹಳ್ಳಿಯಲ್ಲೇ ಕೆಲಸ. ಬೇರೆ ದೇಶಗಳಲ್ಲಿ ಪ್ರಾಕ್ಟಿಕಲ್ ನರ್ಸ್ ಅಂತಾರಲ್ಲ, ಅದಕ್ಕೆ ನಮ್ಮಲ್ಲಿ ಹತ್ತಿರದ ಸಂಬಂಧಿ ಇವರೇ. ಒಂದು ದೊಡ್ಡ ವ್ಯತ್ಯಾಸ ಇದೆ. ಅಮೆರಿಕದ ಪ್ರಾಕ್ಟಿಕಲ್ ನರ್ಸ್ ರಿಜಿಸ್ಟರ್ಡ್ ನರ್ಸ್ ಅಥವಾ ಡಾಕ್ಟರ್ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡ್ತಾರೆ. ನಮ್ಮ ಎಎನ್‌ಎಂ ಉಪಕೇಂದ್ರದಲ್ಲಿ ಬಹಳ ಸಲ ಒಬ್ಬರೇ. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಲ್ಲಿ 3,000 ಜನಕ್ಕೊಂದು ಉಪಕೇಂದ್ರ ಅನ್ನೋದು ಸರ್ಕಾರದ ಮಾನದಂಡ.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಇವರನ್ನ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆ ಮಾಡಬೇಕು ಅಂತು. ಹೆರಿಗೆ ಜೊತೆಗೆ ಮಲೇರಿಯಾ, ಕುಟುಂಬ ಯೋಜನೆ, ಲಸಿಕೆ, ರಿಜಿಸ್ಟರ್ ಬರೆಯೋದು, ಎಲ್ಲ ಅವರ ತಲೆಗೆ. 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಬಂದಾಗ ಐಸ್ ಇಟ್ಟ ಲಸಿಕೆ ಡಬ್ಬ ಹಿಡಿದು ಊರೂರು ಸುತ್ತಿದ್ದು ಇವರೇ. ನಿಮ್ಮ ತೋಳಿನ ಮೇಲಿರೋ ಬಿಸಿಜಿ ಗುರುತು ಬಹುಶಃ ಇಂಥ ಒಬ್ಬರ ಕೈಯದ್ದು. ಈಗ ಕರ್ನಾಟಕದಲ್ಲಿ ಇವರಿಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು. ಊರಿನೋರು ಕರೆಯೋದು ಈಗಲೂ ‘ಸಿಸ್ಟರ್’.

ವಾರ್ಡು ಕಲಿಸೋ ಪಾಠ

ಇಷ್ಟೆಲ್ಲ ಹೇಳಿ ಒಂದು ಮಾತು ಬಿಟ್ಟಿದ್ದೀನಿ. ಬೆಡ್ ಪಕ್ಕ ನಿಂತು ಕಲಿಯೋದು ಅಂದ್ರೆ ಏನು? ಪುಸ್ತಕದಲ್ಲಿ ಇಲ್ಲದ್ದು ಅಲ್ಲಿ ಏನಿದೆ?

ಒಂದು ಹೆಸರು ಹೇಳ್ತೀನಿ. ಅರುಣಾ ಶಾನಭಾಗ. ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ಕ್ರೂರ ದಾಳಿ ನಡೀತು. ಮಿದುಳಿಗೆ ಪೆಟ್ಟಾಗಿ ಮತ್ತೆ ಸ್ವಸ್ಥಿತಿಗೆ ಬರಲೇ ಇಲ್ಲ. 2015ರ ಮೇ 18ರವರೆಗೆ, ಅಂದ್ರೆ ಹೆಚ್ಚುಕಡಿಮೆ 42 ವರ್ಷ, ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅಷ್ಟೂ ವರ್ಷ ಅವರನ್ನ ನೋಡ್ಕೊಂಡಿದ್ದು ಕೆಇಎಂನ ನರ್ಸುಗಳು. ತಲೆಮಾರು ಬದಲಾಯ್ತು, ಅರುಣಾರನ್ನ ಆರೋಗ್ಯವಾಗಿದ್ದಾಗ ನೋಡದ ಹುಡುಗಿಯರು ಬಂದ್ರು, ಆರೈಕೆ ನಿಲ್ಲಲಿಲ್ಲ. 2011ರಲ್ಲಿ ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಾಲಯ ಈ ನರ್ಸುಗಳನ್ನ ಮನಸಾರೆ ಹೊಗಳಿತು.

ಮಲಗಿದಲ್ಲೇ ಇರೋ ರೋಗಿಯ ಬೆನ್ನು, ಸೊಂಟ, ಹಿಮ್ಮಡಿ ಕೆಲವೇ ದಿನದಲ್ಲಿ ಹುಣ್ಣಾಗಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಪುಸ್ತಕ ಹೇಳುತ್ತೆ. ಒಂದು ಸಾಲು. ಆದರೆ ನೋಯಿಸದೆ ಹೊರಳಿಸೋದು, ಚರ್ಮ ಕೆಂಪಾಗೋ ಮೊದಲೇ ಗುರುತಿಸೋದು, ರಾತ್ರಿ ಮೂರು ಗಂಟೆಗೂ ಬಿಡದೆ ಮಾಡೋದು, ಇದನ್ನ ಕೈ ಕಲೀಬೇಕು. ಗೊಂಬೆ ಮೇಲೆ ಇಂಜೆಕ್ಷನ್ ಅಭ್ಯಾಸ ಮಾಡಬಹುದು. ಹೆದರಿದ ಮಗುವಿನ ತೋಳಿಗೆ ಸೂಜಿ ಹಾಕೋದು ಬೇರೆ ವಿಷಯ. ಅದಕ್ಕೇ ಕೋರ್ಸಲ್ಲಿ ಲಾಗ್‌ಬುಕ್ ಇರೋದು. ಇಷ್ಟು ಹೆರಿಗೆ ನೋಡಿರಬೇಕು, ಇಷ್ಟು ಸ್ವತಃ ಮಾಡಿಸಿರಬೇಕು, ಮಕ್ಕಳ ವಾರ್ಡಲ್ಲಿ, ಮಾನಸಿಕ ಆರೋಗ್ಯ ವಿಭಾಗದಲ್ಲಿ ಇಷ್ಟಿಷ್ಟು ಗಂಟೆ ಅಂತ.

ಲೆಕ್ಕ ಉಲ್ಟಾ ಆದದ್ದು

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. 2000ದ ನಂತರ ಗಲ್ಫ್, ಇಂಗ್ಲೆಂಡ್, ಅಮೆರಿಕದಲ್ಲಿ ನರ್ಸುಗಳಿಗೆ ಬೇಡಿಕೆ ಏರಿತು. ಕೇರಳದ ಮಕ್ಕಳು ಸಾವಿರಗಟ್ಟಲೆ ಬೆಂಗಳೂರು, ಮಂಗಳೂರಿಗೆ ಓದೋಕೆ ಬಂದ್ರು. ಖಾಸಗಿ ಕಾಲೇಜುಗಳು ಸಾಲುಸಾಲಾಗಿ ಎದ್ದವು. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜು ಇರೋ ರಾಜ್ಯಗಳಲ್ಲಿ ನಮ್ಮದೂ ಒಂದು.

ಇದರಿಂದ ಒಳ್ಳೆಯದೂ ಆಯ್ತು. ಹಳೇ ಮೈಲಿಗೆಯ ಮಾತು ಕರಗಿತು. ಎಲ್ಲ ಜಾತಿಯ ಮನೆಯಿಂದ ಮಕ್ಕಳು ಬಂದ್ರು, ಹುಡುಗರೂ ಬಂದ್ರು. ವಾರ್ಡಲ್ಲಿ ‘ಬ್ರದರ್’ ಅನ್ನೋ ಪದ ರೂಢಿಗೆ ಬಂತು. ಸ್ಟಾಫ್ ನರ್ಸ್ ಈಗ ಶುಶ್ರೂಷಾಧಿಕಾರಿ. ಮಗಳು ನರ್ಸ್ ಅಂದ್ರೆ ಈಗ ಮನೆಗೆ ಮರ್ಯಾದೆ.

ಆದರೆ ಒಪ್ಪಂದ ತಿರುಗಿಬಿತ್ತು. ಮೊದಲು ಆಸ್ಪತ್ರೆ ಇತ್ತು, ಅದಕ್ಕೆ ಕೈಗಳು ಬೇಕು ಅಂತ ಶಾಲೆ ಹುಟ್ಟಿತು. ಈಗ ಮೊದಲು ಕಾಲೇಜು, ಆಮೇಲೆ ಆಸ್ಪತ್ರೆಯ ಹುಡುಕಾಟ. ಕೌನ್ಸಿಲ್ ಮಾನದಂಡದಲ್ಲಿ ಕಾಲೇಜಿಗೆ ತನ್ನದೇ 100 ಹಾಸಿಗೆಯ ಆಸ್ಪತ್ರೆ ಇರಬೇಕು, ವಾರ್ಡಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು ಸಿಗಬೇಕು ಅಂತಿದೆ. ಒಂದು ಚಿಕ್ಕ ಲೆಕ್ಕ ಮಾಡೋಣ. ಬಿಎಸ್ಸಿಗೆ ವರ್ಷಕ್ಕೆ 60 ಸೀಟು ಅನ್ನಿ. ನಾಲ್ಕು ವರ್ಷಕ್ಕೆ 240 ಮಕ್ಕಳು. ಒಂದು ಸಮಯಕ್ಕೆ ಅರ್ಧದಷ್ಟು ಜನ ಪೋಸ್ಟಿಂಗಲ್ಲಿದ್ರೂ 120. ಅವರಿಗೆ ಬೇಕಾದ ರೋಗಿಗಳು 360. ನಮ್ಮ ಕಡೆ ಒಂದು ತಾಲ್ಲೂಕು ಆಸ್ಪತ್ರೆ ಅಂದ್ರೆ ಸಾಮಾನ್ಯವಾಗಿ 100 ಹಾಸಿಗೆ, ಅದೂ ಎಲ್ಲ ದಿನ ತುಂಬಿರಲ್ಲ. ಒಂದೇ ಸರ್ಕಾರಿ ಆಸ್ಪತ್ರೆಗೆ ಹಲವು ಕಾಲೇಜಿನ ಮಕ್ಕಳು ಬಂದ್ರೆ ಒಂದು ಬೆಡ್ ಸುತ್ತ ಎಷ್ಟು ಜನ ನಿಲ್ತಾರೆ? ಮುಂದೆ ನಿಂತ ಇಬ್ಬರು ಕಲೀತಾರೆ, ಹಿಂದೆ ನಿಂತೋರು ಲಾಗ್‌ಬುಕ್ ತುಂಬಿಸ್ತಾರೆ.

ಇದರ ಏಟು ಯಾರಿಗೆ? ಮೊದಲನೇದು ರೋಗಿಗೆ. ಎರಡನೇದು ಆ ವಿದ್ಯಾರ್ಥಿಗೇ. ಹೊರದೇಶಕ್ಕೆ ಅರ್ಜಿ ಹಾಕಿದಾಗ ಅಲ್ಲಿನ ನೋಂದಣಿ ಸಂಸ್ಥೆಗಳು ಬರೀ ಡಿಗ್ರಿ ನೋಡಲ್ಲ. ಯಾವ ವಿಭಾಗದಲ್ಲಿ ಎಷ್ಟು ಗಂಟೆ ಪ್ರಾಕ್ಟಿಕಲ್ ಆಗಿದೆ ಅಂತ ಕಾಲೇಜಿಂದಲೇ ದಾಖಲೆ ತರಿಸ್ತಾರೆ. ಅಷ್ಟು ದೂರ ಯಾಕೆ, ಇಲ್ಲೇ ಐಸಿಯು ಮೊದಲ ದಿನದ ಡ್ಯೂಟಿಯಲ್ಲೇ ಕೈ ಗೊತ್ತಾಗಿಬಿಡುತ್ತೆ.

ಮತ್ತೆ ಬೆಡ್ ಹತ್ತಿರ

2023ರ ಕೇಂದ್ರ ಬಜೆಟ್‌ನಲ್ಲಿ 157 ಹೊಸ ನರ್ಸಿಂಗ್ ಕಾಲೇಜು ಘೋಷಣೆ ಆಯ್ತು, 2014ರ ನಂತರ ಬಂದ ಮೆಡಿಕಲ್ ಕಾಲೇಜುಗಳ ಜೊತೆಗೇ. ಅದೇ ವರ್ಷ ಆಗಸ್ಟಲ್ಲಿ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಪಾಸಾಯ್ತು. ಮೆಡಿಕಲ್ ಕಾಲೇಜಿನ ಪಕ್ಕದಲ್ಲೇ ನರ್ಸಿಂಗ್ ಕಾಲೇಜು ಅನ್ನೋದರ ಅರ್ಥ ಇಷ್ಟೇ. ಹಾಸಿಗೆ ಇರೋ ಕಡೆಗೇ ಶಾಲೆ ವಾಪಸ್ ಹೋಗ್ತಿದೆ. ಹಾಸನದಲ್ಲಿ 2006ರಿಂದ ಹಿಮ್ಸ್ ಇದೆ, ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧಕ ಆಸ್ಪತ್ರೆ. ಚನ್ನರಾಯಪಟ್ಟಣದಿಂದ ಬೆಂಗಳೂರು ದಾರಿ ಹಿಡಿದ್ರೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಸಿಗುತ್ತೆ. ಹೊಳೆನರಸೀಪುರದಿಂದ ಮೈಸೂರಿಗೆ ರೈಲೇ ಇದೆ.

ಈಗ ಸೇರಬೇಕು ಅಂತಿರೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು, ಸರ್ಕಾರಿ ಸೀಟಿಗೆ ಸಿಇಟಿ. ಜಿಎನ್‌ಎಂ ಮೂರು ವರ್ಷ. ಸೈನ್ಸ್‌ಗೆ ಆದ್ಯತೆ ಇದ್ದರೂ ಆರ್ಟ್ಸ್, ಕಾಮರ್ಸ್ ಮಾಡಿದೋರಿಗೂ ಬಾಗಿಲು ಮುಚ್ಚಿಲ್ಲ. ಎಎನ್‌ಎಂ ಎರಡು ವರ್ಷ, ಇದಕ್ಕೂ ಈಗ ಪಿಯುಸಿ ಆಗಿರಬೇಕು. ಎಎನ್‌ಎಂ ಮುಗಿಸಿ ನೋಂದಣಿ ಮಾಡಿಸಿದ್ರೆ ಜಿಎನ್‌ಎಂಗೆ, ಜಿಎನ್‌ಎಂ ಮುಗಿಸಿದ್ರೆ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ದಾರಿ ಇದೆ. ಎಲ್ಲಿಂದ ಹತ್ತಿದ್ರೂ ಮೇಲೆ ಹೋಗಬಹುದು.

ಕಾಲೇಜು ನೋಡೋಕೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಒಂದು, ನಿಮ್ಮದೇ ಆಸ್ಪತ್ರೆ ಇದೆಯಾ, ಎಷ್ಟು ಬೆಡ್? ಎರಡು, ಇವತ್ತು ಅದರಲ್ಲಿ ಎಷ್ಟು ತುಂಬಿದೆ? ಮೂರು, ಹೆರಿಗೆ, ಮಕ್ಕಳ ವಾರ್ಡು, ಮಾನಸಿಕ ವಿಭಾಗದ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿಗೆ ಇನ್ನೆಷ್ಟು ಕಾಲೇಜಿನೋರು ಬರ್ತಾರೆ? ನಾಲ್ಕು, ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆಯ ಈ ವರ್ಷದ ಪತ್ರ ತೋರಿಸಿ. ಆಫೀಸಲ್ಲಿ ಉತ್ತರ ಸಿಗದಿದ್ರೆ ಹೊರಗೆ ಬಂದು ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನ ಕೇಳಿ, ‘ಅಕ್ಕ, ನೀವು ಸ್ವಂತ ಕೈಯಿಂದ ಎಷ್ಟು ಹೆರಿಗೆ ಮಾಡಿಸಿದ್ದೀರಿ?’ ಅವರು ಸಂಖ್ಯೆ ಹೇಳೋ ಮುಂಚೆ ಯೋಚಿಸೋ ರೀತಿಯಲ್ಲೇ ನಿಮಗೆ ಅರ್ಥ ಆಗುತ್ತೆ.

ರಿಸಲ್ಟ್ ಕಾಯ್ತಿರೋ ತಂಗಿ ತಮ್ಮಂದಿರು ಮನೆಯಲ್ಲಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ, ಅಡ್ವಾನ್ಸ್ ಕಟ್ಟೋ ಮೊದಲು.